ಎಡಬದಿಯ ಗಾಜು

ಕೌದಿಯ ತುದಿ ಗಾಜಿನ ಮೇಲಿಂದ ಜಾರಿತು. ಕಾಂತು ಹಲ್ಲು ಕಚ್ಚಿ ಅದನ್ನು ಮತ್ತೆ ಎಳೆದು ಸುತ್ತಿದ. ಕ್ರೋಮ್ ಚೌಕಟ್ಟಿನ ಮೂಲೆಗಳಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು, ಇಡೀ ಗಂಟನ್ನು ತೊಗರಿಯ ಖಾಲಿ ಚೀಲದೊಳಗೆ ಇಳಿಸಿದ. ಮುದ್ದೇಬಿಹಾಳದ ಬಿಸಿಲಿಗೆ ಶೆಡ್ಡಿನ ತಗಡು ಚಟಚಟ ಅನ್ನುತ್ತಿತ್ತು. ಅಂಗಳದಾಚೆಯ ಮನೆಯಿಂದ ಜೈನುದ್ದೀನನ ತಾಯಿ ಶಮ್ಶುನ್ನೀಸಾ ಕೂಗಿದಳು.

"ಕಾಂತು, ಚಾ ಮಾಡ್ಲೇನಪಾ?"

"ಮಾಡ್ರಿ ಅಮ್ಮಾ. ಹೋಗೂ ಮುಂದ ಕುಡೀತೇನಿ."

ದನಿ ನಡುಗಲಿಲ್ಲ. ಅದು ಅವನಿಗೇ ಮೆಚ್ಚುಗೆಯಾಯಿತು. ಚೀಲವನ್ನು ತನ್ನ ಜೀಪಿನ ಹಿಂಬದಿಯಲ್ಲಿ ಮಲಗಿಸಿ ಬಂದು, ಕಾರಿನ ಗಾಜಿನ ಚೌಕಟ್ಟುಗಳು ಸೊಲ್ಲಾಪುರದಿಂದ ಪಾಲಿಶ್ ಆಗಿ ಬಂದಿದ್ದ ಕಟ್ಟಿಗೆಯ ಪೆಟ್ಟಿಗೆಗೆ ಮುಚ್ಚಳ ಹಾಕಿದ. ಅವೇ ಮೊಳೆಗಳು, ಅವೇ ತೂತುಗಳು. ಒಳಗಿನ ಹುಲ್ಲಿನಲ್ಲಿ ಗಾಜು ಬಿಟ್ಟುಹೋದ ಕುಳಿಯನ್ನು ಮೊದಲೇ ಕದಡಿ ಮುಚ್ಚಿದ್ದ. ಬೀಗ ಮುರಿಯುವ ಮಾತೇ ಇರಲಿಲ್ಲ. ಶೆಡ್ಡಿನ ಇನ್ನೊಂದು ಕೀಲಿಯನ್ನು ಗೆಳೆಯ ಜೈನುದ್ದೀನನೇ ಅವನಿಗೆ ಕೊಟ್ಟಿದ್ದ. ಆ ಮನುಷ್ಯ ಈಗ ತನ್ನ ಪರಸಿಕಲ್ಲಿನ ಖಣಿಯಲ್ಲಿ ನಿಂತು ಯಾರದೋ ಜೊತೆ ಹೋ ಎಂದು ನಗುತ್ತಿರಬೇಕು. ನಗಲಿ.

ಶೆಡ್ಡಿನ ನಡುವೆ ಕಾರು ನಿಂತಿತ್ತು. ಎರಡೇ ಬಾಗಿಲಿನ, ಐವತ್ತು ವರ್ಷ ದಾಟಿದ ಜರ್ಮನ್ ಕೂಪೆ. ಬೂದು ಪ್ರೈಮರ್ ಬಳಿದುಕೊಂಡು ನಿಂತಲ್ಲೂ ಅದು ಓಡುತ್ತಿರುವಂತೆ ಕಾಣುತ್ತಿತ್ತು. ಅದರ ಚೆಲುವೆಲ್ಲ ಪಕ್ಕದಲ್ಲಿತ್ತು. ಬಾಗಿಲಿನ ಗಾಜಿಗೂ ಹಿಂದಿನ ಗಾಜಿಗೂ ನಡುವೆ ಕಂಬವಿಲ್ಲ. ಎರಡು ಗಾಜುಗಳು ಅಂಚಿಗೆ ಅಂಚು ಕೊಟ್ಟು ನಿಲ್ಲಬೇಕು, ಇಳಿಸಿದರೆ ಇಡೀ ಪಕ್ಕವೇ ಗಾಳಿಗೆ ತೆರೆದುಕೊಳ್ಳಬೇಕು. ಎಡಬದಿಯ ಹಿಂದಿನ ಗಾಜಿಲ್ಲದೆ ಈ ಗಾಡಿ ಕಣ್ಣು ಹೋದ ಕುದುರೆ. ಅಂಥ ಬಾಗಿದ ಗಾಜು ಈ ದೇಶದಲ್ಲಿ ಯಾರೂ ಮಾಡುವುದಿಲ್ಲ.

ಈ ಗಾಡಿಯನ್ನು ಮೊದಲು ಕಂಡವನು ಕಾಂತು. ಆಲಮಟ್ಟಿಯಲ್ಲಿ, ಹಳೆಯ ಗುತ್ತಿಗೆದಾರನೊಬ್ಬನ ಗೋದಾಮಿನಲ್ಲಿ, ಗಟ್ಟಿಯಾಗಿ ಕಲ್ಲಾದ ಸಿಮೆಂಟಿನ ಚೀಲಗಳ ಹಿಂದೆ. ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು. ಸಿಂದಗಿಯ ಬಸ್ ನಿಲ್ದಾಣದೆದುರು ಟ್ರ್ಯಾಕ್ಟರಿನ ಕ್ಲಚ್ ಪ್ಲೇಟು, ಟಂಟಮ್ ರಿಕ್ಷಾದ ಬೇರಿಂಗು ಮಾರಿ ಬೆರಳು ಕಪ್ಪಾದ ಅವನು ಆ ದಿನ ಕರವಸ್ತ್ರದಿಂದ ಬಾನೆಟ್ಟಿನ ಧೂಳು ಒರೆಸಿ, ತನ್ನ ಮುಖ ಅದರಲ್ಲಿ ಮೂಡುವುದನ್ನು ನೋಡುತ್ತ ನಿಂತುಬಿಟ್ಟಿದ್ದ. ಸಂಜೆ ಉಬ್ಬಿದ ಎದೆಯಲ್ಲಿ ಜೈನುದ್ದೀನನಿಗೆ ಫೋನ್ ಮಾಡಿದ. ಅದೊಂದೇ ಅವನ ಮೂರ್ಖತನ. ಸೋಮವಾರ ಇಬ್ಬರೂ ಹೋಗಿ ಮಾತಾಡೋಣ ಎಂದಾಗಿತ್ತು. ಸೋಮವಾರ ಹೋದರೆ ಗೋದಾಮಿನಲ್ಲಿ ಕೋಳಿ ಮಾತ್ರ ಇತ್ತು.

"ಪುಣೆದಾಂವ ಒಬ್ಬ ನೋಡಾಕ ಬರಾಂವ ಇದ್ದನೋ ಮಾರಾಯಾ, ಅದಕ್ಕ ಐತವಾರನ ಎತ್ತಿಕೊಂಡ ಬಂದೆ" ಅಂದಿದ್ದ ಜೈನುದ್ದೀನ. "ಯಾರ ಹೆಸರಿಗಿದ್ರೇನು, ಗಾಡಿ ನಮ್ಮಿಬ್ಬರದು."

ಬಸವನ ಬಾಗೇವಾಡಿಯಲ್ಲಿ ಬಸಂತರಾಯರ ಅಂಗಳಕ್ಕೆ ಹಳೇ ಗಾಡಿಯ ಹುಚ್ಚರೆಲ್ಲ ಕೂಡಿದ ದಿನ ಆ ಮಾತು ಎಷ್ಟು ನಿಜ ಎಂಬುದು ಗೊತ್ತಾಯಿತು. ಬಸಂತರಾಯರು ಕಾಲುವೆ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್, ಈ ಬಳಗಕ್ಕೆ ಹಿರಿಯರು. ವಿಜಯಪುರದಿಂದ ಬಂದವರೊಬ್ಬರು, ಇಂಥಾ ಮಾಲು ಎಲ್ಲಿ ಸಿಕ್ಕಿತು ಎಂದು ಕೇಳಿದರು. "ನಾನ ಹುಡುಕಿ ತೆಗದೇನ್ರಿ" ಅಂದ ಜೈನುದ್ದೀನ. ಅಂದು, ಪಕ್ಕದಲ್ಲಿ ಉಪ್ಪಿಟ್ಟಿನ ತಾಟು ಹಿಡಿದು ನಿಂತಿದ್ದವನ ಹೆಗಲ ಮೇಲೆ ಕೈ ಹಾಕಿದ. "ಇಂವ ನಮ್ಮ ಕಾಂತು. ಬೇಕಾದ ನಟ್ಟು-ಬೋಲ್ಟು ತಂದು ಕೊಡ್ತಾನ."

ನಟ್ಟು-ಬೋಲ್ಟು! ಉಪ್ಪಿಟ್ಟು ಗಂಟಲಲ್ಲಿ ಸುಣ್ಣವಾಯಿತು. ಆಮೇಲೆ ಎಷ್ಟೋ ದಿನ ಅಂಗಡಿಯಲ್ಲಿ ಯಾರಾದರೂ ಬಂದು ನಟ್ಟು ಕೇಳಿದರೆ ಅದನ್ನು ಗಲ್ಲೆಯ ಮೇಲೆ ಎಸೆಯುತ್ತಿದ್ದ. ಹೆಂಡತಿ ಶೈಲಶ್ರೀ ಕೇಳಿಯೂ ಬಿಟ್ಟಳು: "ಯಾರ ಮ್ಯಾಲಿನ ಸಿಟ್ಟು ಯಾರ ಮ್ಯಾಲೆ ತೀರಸಾಕತ್ತೀರಿ?"

ಬೆಂಕಿ ಇಡಬಹುದಿತ್ತು. ಬಣ್ಣ ಗೀರಬಹುದಿತ್ತು. ಅದೆಲ್ಲ ಪುಂಡ ಪೋರರ ಕೆಲಸ. ಕಾಂತುವಿಗೆ ಗಾಡಿ ಹಾಳಾಗುವುದು ಬೇಕಿರಲಿಲ್ಲ, ಗಾಡಿ ಬೇಕಿತ್ತು. ಇಡಿಯಾಗಿ, ಕಾನೂನಿನ ಪ್ರಕಾರ, ಜೈನುದ್ದೀನನ ಕೈಯಿಂದಲೇ ಬೇಕಿತ್ತು. ಅವನು ಸೋತು ಕೊಡಬೇಕು, ಕೊಡುವಾಗ ಆ ನಗು ಅವನ ಮುಖದ ಮೇಲೆ ಇರಬಾರದು. ಹೀಗೆ ಎಣಿಸುತ್ತ ಹೋದಾಗ ದಾರಿ ತಾನಾಗಿ ಕಂಡಿತು. ಒಂದೇ ಒಂದು ಗಾಜು. ಎಲ್ಲರ ಲೆಕ್ಕಕ್ಕೆ ಅದು ಕಳೆದದ್ದು ಶೆಡ್ಡಿನಲ್ಲಿ ಅಲ್ಲ, ಸೊಲ್ಲಾಪುರಕ್ಕೂ ಮುದ್ದೇಬಿಹಾಳಕ್ಕೂ ನಡುವಿನ ರಸ್ತೆಯಲ್ಲಿ. ಕಳ್ಳನೇ ಇಲ್ಲದ ಕಳವು.

ಗಾಜು ಕದ್ದ ಮುಂದಿನ ಐತವಾರ ಎಲ್ಲರೆದುರು ಪೆಟ್ಟಿಗೆ ಒಡೆದರು. ಇಂಡಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಯುನೂಸ ಹುಲ್ಲಿನೊಳಗೆ ಮೊಳಕೈತನಕ ಕೈ ಹಾಕಿ ತಡಕಿದ.

"ಎಡಗಡೆದು ಇಲ್ಲಲ್ಲೋ ಜೈನೂ. ಸೊಲ್ಲಾಪುರದವರು ಒಂದ ಕಣ್ಣ ಕಿತ್ತುಕೊಂಡ ಕಳಿಸ್ಯಾರ."

ಎಲ್ಲರಿಗಿಂತ ಮೊದಲು ಕೂಗಾಡಿದವನು ಕಾಂತು. ಪಾಲಿಶ್ ಅಂಗಡಿಗೆ ಫೋನ್ ಹಚ್ಚಿ ಮೂರು ಭಾಷೆಯಲ್ಲಿ ಬೈದ. ಬೈಗುಳ ಸುಲಭವಾಗಿ ಬಂತು, ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದೇ ಅದು. ವಿಳಾಸ ಮಾತ್ರ ಬದಲಾಗಿತ್ತು. ಕಡೆಗೆ ಜೈನುದ್ದೀನನೇ ಅವನ ಕೈಯಿಂದ ಫೋನ್ ಕಸಿದುಕೊಂಡ. "ಗಾಜು ನಂದು ಹೋಗೇತಿ, ನೀ ಯಾಕ ಬೀಪಿ ಏರಿಸ್ಕೋತಿ? ಕುಂಡ್ರು. ನೀರ ಕುಡಿ."

ಹುಡುಕುವ ಕೆಲಸ ಬಿಡಿಭಾಗದ ವ್ಯಾಪಾರಿಯ ಪಾಲಿಗೇ ಬಂತು. ಮತ್ತ್ಯಾರಿಗೆ ಬರಬೇಕು? ಕಾಂತು ಮುಂಬಯಿಗೆ, ಹೈದರಾಬಾದಿಗೆ ಫೋನ್ ಮಾಡಿದ. ಅಂಥ ಗಾಜು ಇರಲು ಸಾಧ್ಯವೇ ಇಲ್ಲದ ಅಂಗಡಿಗಳನ್ನು ಆರಿಸಿ ಆರಿಸಿ ಮಾಡಿದ. ಜರ್ಮನಿಯ ಒಬ್ಬ ವ್ಯಾಪಾರಿ, ಬಲಬದಿಯದು ಇದೆ, ಎಡದ್ದು ಇಲ್ಲ ಎಂದು ಉತ್ತರ ಬರೆದಾಗ ಅದನ್ನು ಬಳಗದ ವಾಟ್ಸಾಪ್ ಗುಂಪಿನಲ್ಲಿ ಹಾಕಿ ದುಃಖದ ಮುಖವನ್ನೂ ಅಂಟಿಸಿದ. ಗಾಜಿಲ್ಲದ ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಬಂತು. ಖಣಿಯ ಧೂಳು ಹಾಳೆಯ ಸಂದಿನಿಂದ ಒಳಗಿಳಿದು ಹೊಸ ಸೀಟುಗಳ ಮೇಲೆ ಕೂತಿತು. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಜೈನುದ್ದೀನ ಶೆಡ್ಡಿಗೆ ಹೋಗುವುದು ಕಡಿಮೆಯಾಯಿತು. "ಆ ಕುರುಡ ಗಾಡಿ ಯಾರಿಗರೇ ಕೊಟ್ಟ ಬಿಡಪಾ, ನೋಡಿದ್ರ ಕಳ್ಳು ಚುರ್ ಅಂತೈತಿ" ಎಂದು ಶಮ್ಶುನ್ನೀಸಾ ಮಗನಿಗೆ ಹೇಳುವುದನ್ನು ಕಾಂತು ತನ್ನ ಕಿವಿಯಿಂದಲೇ ಕೇಳಿದ. ಅವಳು ಮಾಡಿಕೊಟ್ಟ ಚಹಾ ಆಗ ಅವನ ಕೈಯಲ್ಲಿತ್ತು.

ಜೋಳದ ಬಿತ್ತನೆ ಮುಗಿಯುವ ಹೊತ್ತಿಗೆ ಜೈನುದ್ದೀನ ಸಿಂದಗಿಗೆ ಬಂದ.

"ನೀನ ಇಟ್ಕೋ ಕಾಂತು. ನಾ ತಂದ ಬೆಲೆಗೇ ಕೊಡ್ತೇನಿ."

ಈ ಗಳಿಗೆಗಾಗಿ ಕಾಂತು ಎಷ್ಟು ದಿನ ಕಾದಿದ್ದ! ಆ ಮುಖವನ್ನು ಹಿಂಡಿ ನೋಡಬೇಕು, ಬಸಿಯುವ ಸೋಲನ್ನು ಸವಿಯಬೇಕು ಎಂದುಕೊಂಡಿದ್ದ. ಆದರೆ ಆ ಮನುಷ್ಯ ಗಲ್ಲೆಗೆ ಮೊಳಕೈ ಊರಿ ನಗುತ್ತಿದ್ದ. "ಬ್ಯಾರೇದವರಿಗೆ ಕೊಡಾಕ ಮನಸ್ಸ ಒಲ್ಲೆ ಅಂತೈತಿ. ನಿನ್ನ ಹಂತ್ಯಾಕ ಇದ್ರ ನನ್ನ ಹಂತ್ಯಾಕ ಇದ್ದಂಗ."

ಕಾಂತುವಿನ ಕೆನ್ನೆ ಬಿಸಿಯಾಯಿತು. ಇವನಿಗೆ ಸೋಲಲೂ ಬರುವುದಿಲ್ಲ. ಕಿತ್ತುಕೊಂಡದ್ದನ್ನೂ ಇವನು ಕೊಟ್ಟದ್ದು ಮಾಡಿಬಿಡುತ್ತಾನೆ. ಹೀಗಾದರೆ ಗಾಡಿ ಬಂದಷ್ಟಕ್ಕೇ ಮುಗಿಯುವುದಿಲ್ಲ, ಎಂದು ಅಂದೇ ತೀರ್ಮಾನಿಸಿದ. ಗಾಜು ಕೂರಿಸುವಾಗ ಇವನು ಎದುರಿಗೆ ನಿಂತಿರಬೇಕು. ಈ ಗಾಡಿ ಒಂದು ಗಾಜಿನ ದೂರದಲ್ಲಿತ್ತು, ತಾನು ತಾಳಲಿಲ್ಲ ಎಂಬುದು ಇವನ ಎಲುಬಿಗೆ ಇಳಿಯಬೇಕು.

ಗಾಡಿ ಸಿಂದಗಿಗೆ, ಕಾಂತುವಿನ ಶೆಡ್ಡಿಗೆ ಬಂತು. ಯುನೂಸ ಇಂಡಿಯಿಂದ ಬಂದು ಅದಕ್ಕೆ ಬದನೆಕಾಯಿಯ ಬಣ್ಣ ಹೊಡೆದು ಹೋದ. ಅವನು ಹೋದ ಮೇಲೆ ಕಾಂತು ಅಂಗಡಿಯ ಅಟ್ಟದಿಂದ, ಸೈಲೆನ್ಸರ್ ಪೈಪುಗಳ ಹಿಂದಿನಿಂದ, ಚೀಲವನ್ನು ಇಳಿಸಿದ. ಅವಸರ ಮಾಡಲಿಲ್ಲ. ಸೊಲ್ಲಾಪುರದ ಹೊಸ ಕ್ರೋಮ್ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಹೊಳಪಿನಿಂದ ಯಾರಿಗೂ ಗುರುತು ಸಿಗಬಾರದು. ಒದ್ದೆ ಉಪ್ಪು ಮೆತ್ತಿ, ಹುಣಸೆ ನೀರಿನಲ್ಲಿ ನೆನೆಸಿ, ಬಿಸಿಲಿಗಿಟ್ಟು, ಮತ್ತೆ ಮೆತ್ತಿ, ಹೊಳಪು ಸತ್ತು ಚುಕ್ಕೆ ಚುಕ್ಕೆಯಾಗುವತನಕ ಬಿಡಲಿಲ್ಲ. ಚೌಕಟ್ಟಿನ ಒಳಮೈಯಲ್ಲಿ ಕಾರ್ಖಾನೆಯವರು ಒತ್ತಿದ್ದ ಗುರುತನ್ನು ಎಮರಿ ಕಾಗದದಿಂದ ಉಜ್ಜಿ ಅಳಿಸಿದ. ಗಾಜಿನ ಮೂಲೆಗೆ ಮರಳಿನಿಂದ ಒಂದೆರಡು ಗೀರು ಕೊಟ್ಟ. ಆ ಮೇಲೆ ನಿಜವಾಗಿಯೂ ಬಸ್ಸು ಹತ್ತಿ ಹೈದರಾಬಾದಿಗೆ ಹೋದ, ಗುಜರಿ ಓಣಿಯಲ್ಲಿ ಅಡ್ಡಾಡಿದ, ಅಪಘಾತವಾದ ಗಾಡಿಗಳ ರಾಶಿಯ ಮುಂದೆ ನಿಂತು ತನ್ನ ಫೋಟೋ ತೆಗೆಸಿಕೊಂಡು ಗುಂಪಿಗೆ ಕಳಿಸಿದ. ಜೊತೆಗೆ ಒಂದು ಕತೆ ಬರೆದ: ಇದರ ಅಣ್ಣತಮ್ಮನಂಥ ಇನ್ನೊಂದು ಗಾಡಿ, ಬಲಗಡೆ ಪೂರ್ತಿ ಜಜ್ಜಿಹೋದದ್ದು, ಎಡಬದಿಯ ಗಾಜು ಮಾತ್ರ ಅಲ್ಲಾಹನ ದಯೆಯಿಂದ ಉಳಿದದ್ದು. ಅಲ್ಲಾಹನ ದಯೆ ಎಂಬುದನ್ನು ಜೈನುದ್ದೀನನಿಗಾಗಿಯೇ ಸೇರಿಸಿದ್ದ. ಉತ್ತರ ಕೂಡಲೇ ಬಂತು: "ಕಾಂತು, ನೀ ಹುಲಿ! ಐತವಾರ ಎಲ್ಲಾರೂ ಬರ್ತೇವಿ."

ಬಂದರು. ಬೆಳಿಗ್ಗೆಯೇ ಬಂದರು. ಶಮ್ಶುನ್ನೀಸಾ ದೊಡ್ಡ ಪಾತ್ರೆಯಲ್ಲಿ ಬಿರಿಯಾನಿ ಕಳಿಸಿದ್ದಳು. ಬಸಂತರಾಯರ ಮನೆಯಿಂದ ಮಡಿಚಿದ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಬಂದಿತ್ತು. ಯುನೂಸ ಶೆಡ್ಡಿನ ಮೂಲೆಗೆ ಜಮಖಾನ ಹಾಸಿ, "ಸಂಜೀತನಾ ಇಲ್ಲೇ ಬಿಡಾರ" ಅಂದ. ಬಸಂತರಾಯರು ಒಂದು ಮಂಚದಷ್ಟಗಲ ಬಟ್ಟೆ ಬಿಚ್ಚಿ ಅದರ ಮೇಲೆ ಸಣ್ಣ ಅರಗಳು, ರಬ್ಬರಿನ ಪಟ್ಟಿಗಳು, ಗಟ್ಟಿ ಕಾಗದದ ಚೂರುಗಳು, ಕಟ್ಟಿಗೆಯ ಸುತ್ತಿಗೆ, ಎಲ್ಲವನ್ನೂ ದವಾಖಾನೆಯ ತಾಟಿನಂತೆ ಜೋಡಿಸತೊಡಗಿದರು. ಇವರಿಗೆ ಎಲ್ಲದರಲ್ಲೂ ತಮ್ಮ ಹಿರಿತನ ಮೆರೆಯಬೇಕು, ಎಂದು ಕಾಂತು ಒಳಗೊಳಗೇ ಕುದಿದ. ಇವತ್ತು ಯಾರ ಕೈಯೂ ತಗಲಕೂಡದು.

"ನೀವು ಕುಂಡ್ರರಿ ಸಾಹೇಬ್ರ, ನಾ ಹಾಕ್ತೇನಿ."

"ಹಿಡಕೊಳ್ಳಾಕ ಒಬ್ಬರು ಬೇಕಾಗ್ತದೋ."

"ನಟ್ಟು-ಬೋಲ್ಟಿನಾಂವಗ ಇಷ್ಟು ಗೊತ್ತೈತ್ರಿ" ಅಂದ ಕಾಂತು, ಜೈನುದ್ದೀನನ ಮುಖ ನೋಡುತ್ತ. ಜೈನುದ್ದೀನ ಅದನ್ನು ಚಾಷ್ಟಿ ಎಂದೇ ತಿಳಿದು ನಕ್ಕ.

ಕಾಂತು ಚೌಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕಿಂಡಿಗೆ ಕೊಟ್ಟ. ಕೆಳಗಿನ ಅಂಚು ತೋಡಿನಲ್ಲಿ ಇಳಿಯಿತು. ಅಂಗೈ ಇಟ್ಟು ಒತ್ತಿದ. ಟಕ್. ಬಾಗಿಲು ಹಾಕಿ ಅದರ ಗಾಜನ್ನು ಏರಿಸಿದ. ಎರಡು ಗಾಜುಗಳು ಅಂಚಿಗೆ ಅಂಚು ಬಂದು ನಿಂತವು, ನಡುವೆ ಕೂದಲೂ ಹಾಯದಂತೆ. ಬದನೆಯ ಬಣ್ಣದ ಮೈ, ಕಂಬವಿಲ್ಲದ ಪಕ್ಕ, ಒಂದೇ ಉಸಿರಿನಲ್ಲಿ ಎಳೆದಂಥ ಗೆರೆ. ಇದು ಈಗ ಅವನದು. ಕಾಂತು ಕೈ ಒರೆಸಿಕೊಂಡು ತಿರುಗಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯುನೂಸ ಜಮಖಾನದ ಮೇಲೆ ಅರ್ಧ ಕೂತವನು ಹಾಗೇ ಉಳಿದಿದ್ದ. ಹೊಟ್ಟೆಕಿಚ್ಚು, ಎಂದುಕೊಂಡ ಕಾಂತು; ಇಷ್ಟು ದಿನದ ಸಿಟ್ಟಿನ ಮೇಲೆ ತಣ್ಣೀರು ಸುರಿದಂತೆ ಹಿತವಾಯಿತು. ಕಿಸೆಯಿಂದ ಕೀಲಿ ತೆಗೆದು ಜೈನುದ್ದೀನನ ಮುಂದೆ ಹಿಡಿದ. ದಾನ ಕೊಡುವವನ ಹಾಗೆ, ಎಲ್ಲರಿಗೂ ಕಾಣುವಂತೆ. "ಮೊದಲನೇ ರೌಂಡ್ ನೀನ ಹೊಡಿ ಜೈನೂ. ದೇವರ ಹಿಪ್ಪರಗಿತನಾ ಹೋಗಿ ಬಾ."

ಜೈನುದ್ದೀನ ಕೀಲಿಯನ್ನು ನೋಡಲಿಲ್ಲ. ಎರಡು ಗಾಜುಗಳ ನಡುವಿನ ಗೆರೆಯ ಗುಂಟ ಉಗುರು ಎಳೆಯುತ್ತಿದ್ದ, ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಅವನ ಹಿಂದೆ ಬಸಂತರಾಯರು ಅರಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿಡತೊಡಗಿದ್ದರು. "ಈ ಗಾಡಿಗಳನ್ನ ಕೈಲೆ ಬಡದು ಮಾಡ್ಯಾರ ಕಾಂತು" ಅಂದ ಜೈನುದ್ದೀನ ಮೆಲ್ಲಗೆ. "ಒಂದರ ಚೌಕಟ್ಟು ಇನ್ನೊಂದಕ್ಕ ಅರ ಹಾಕದ, ಪಟ್ಟಿ ಇಡದ, ಇಡೀ ದಿನಾ ಬಡದಾಡದ ಕುಂಡ್ರೂದಿಲ್ಲ. ಇವತ್ತ ರೊಟ್ಟಿ ಕಟಗೊಂಡ ಬಂದೇವಿ, ಅದಕ್ಕ. ಇದು ಒಂದ ಒತ್ತಿಗೆ ಕುಂತೇತಿ." ಹೊಸದಾಗಿ ಬಳಗಕ್ಕೆ ಬಂದವರಿಗೆಲ್ಲ ಈ ಮಾತನ್ನು ಮೊದಲ ದಿನವೇ ಹೇಳಿಕೊಡುತ್ತಿದ್ದವನು ಕಾಂತುವೇ. ಅವನ ಅಂಗೈಯಲ್ಲಿ ಆ ಟಕ್ ಎಂಬ ಸದ್ದು ಇನ್ನೂ ಜುಮುಗುಡುತ್ತಿತ್ತು. ಚಾಚಿದ ಕೈಯನ್ನು ಹಿಂದೆಳೆಯುವುದು ಹೇಗೆಂದು ತಿಳಿಯದೆ, "ಹಿಡಿಯೋ ಜೈನೂ, ಬರೇ ಒಂದ ರೌಂಡ್" ಅಂದ. ಜೈನುದ್ದೀನ ಮೊದಲ ಸಲ ನಗದೆ ಅವನನ್ನು ನೋಡಿದ. "ಒಲ್ಲೆ."