ಬಿಸ್ಕತ್ತಿನ ಡಬ್ಬಿಯ ಫ್ರೆಂಚ್ ಚೀಟಿಗಳು

ಡಬ್ಬಿಯ ಮುಚ್ಚಳ ತೆಗೆದ ಏಕಾಂತಯ್ಯನ ಕೈ ಹಾಗೆಯೇ ನಿಂತಿತು. ಚೀಟಿಗಳಿರಲಿಲ್ಲ! ತಳದಲ್ಲಿ ಒಂದಿಷ್ಟು ಕಡ್ಲೆಪುರಿ ಮಾತ್ರ.

ಮೇಜಿನ ಕೆಳಗೆ ನೋಡಿದ. ಬೀರುವಿನ ಹಿಂದೆ ನೋಡಿದ. ತಾನೇ ಎಲ್ಲಾದರೂ ಇಟ್ಟು ಮರೆತೆನೆ? ಅವನಿಗೆ ಮೊದಲ ಅನುಮಾನ ಯಾವಾಗಲೂ ತನ್ನ ಮೇಲೆಯೇ.

ಹೆಗ್ಗದ್ದೆ ಹತ್ತಿರದ ಆ ಕಾಫಿ ಎಸ್ಟೇಟಿನಲ್ಲಿ ಅವನು ರೈಟರ್, ಲೆಕ್ಕಪತ್ರ ಬರೆಯುವವನು. ಹಿಂದಿನ ಇಂಗ್ಲಿಷ್ ದೊರೆ ಕಾಫಿ ಬೆಳೆಯ ಬಗ್ಗೆ ಬರೆದಿಟ್ಟುಹೋದ ಪುಸ್ತಕವನ್ನು ಎರಡು ವರ್ಷದಿಂದ ಫ್ರೆಂಚಿಗೆ ತಿರುಗಿಸುತ್ತಿದ್ದ. ಮದರಾಸಿನ ಗೋಡೌನಿನಲ್ಲಿ ದುಡಿಯುತ್ತಿದ್ದಾಗ ಸಂಜೆ ತರಗತಿಯಲ್ಲಿ ಕಲಿತ ಫ್ರೆಂಚ್ ಅದು. ಪುಸ್ತಕ ಬೇಕೆಂದಿದ್ದ ಪಾಂಡಿಚೇರಿಯ ಕಂಪನಿಯವರು ನಾಳೆ ಬರುವವರಿದ್ದರು. ಅವರು ಮೆಚ್ಚಿದರೆ ಅವನಿಗೆ ಅಲ್ಲಿಯೇ ಕೆಲಸ.

ಸರಳ ವಾಕ್ಯಗಳೆಲ್ಲ ಪುಸ್ತಕಕ್ಕೆ ಏರಿದ್ದವು. ದೊರೆಯ ನುಡಿಗಟ್ಟುಗಳಿಗೆ ಮಾತ್ರ ಜಾಗ ಬಿಟ್ಟು, ಅವನ್ನು ಚೀಟಿಗಳಲ್ಲಿ ಬರೆಯುತ್ತಿದ್ದ. ಪದಕ್ಕೆ ಪದ ಇಟ್ಟರೆ ಕೆಟ್ಟುಹೋಗುವ ಮಾತುಗಳು. ಅವಕ್ಕೆ ಅವನದೇ ಒಂದು ದಾರಿಯಿತ್ತು. ಹೆಂಡತಿ ಗಂಗಾಮಣಿಗೆ ಸಂದರ್ಭ ವಿವರಿಸಿ, "ಇದಕ್ಕೆ ನೀನೇನಂತೀಯ?" ಎಂದು ಕೇಳುವುದು. ಅವಳ ಕನ್ನಡವನ್ನು ಚೀಟಿಯಲ್ಲಿ ಬರೆದು, ಕೆಳಗೆ ಫ್ರೆಂಚ್ ಹುಡುಕುವುದು. ಜೋರು ಮಳೆಯೆಂದರೆ ಇಂಗ್ಲಿಷರಿಗೆ ಬೆಕ್ಕು ನಾಯಿಗಳು ಸುರಿಯುತ್ತವೆ, ಫ್ರೆಂಚರಿಗೆ ಹಗ್ಗಗಳು. ಗಂಗಾಮಣಿಗೆ ಆಕಾಶವೇ ತೂತು ಬೀಳುತ್ತದೆ. ಎಲ್ಲ ಮುಗಿದು ಒಂದೇ ಚೀಟಿ ಅರ್ಧ ಉಳಿದಿತ್ತು: 'ಪುಟ್ ಅಪ್ ವಿತ್', ಅಂದರೆ ಸಹಿಸಿಕೊಳ್ಳುವುದು. ನಿನ್ನೆ ಅದನ್ನು ಕೇಳಿದಾಗ ಅವಳು ಉತ್ತರ ಕೊಟ್ಟಿರಲಿಲ್ಲ.

"ಚೀಟಿ ಇತ್ತು ಅಂತ ಕಂಡೋರು ಯಾರು?" ಎಂದು ನಕ್ಕವನು ವೆಂಕಟೇಶ. ಎಸ್ಟೇಟಿನ ಈಗಿನ ಒಡೆಯ ಸಾಹುಕಾರ ಸುಬ್ಬಯ್ಯನವರ ಅಕ್ಕನ ಮಗ, ಕಾಲೇಜಿನಲ್ಲಿ ಫ್ರೆಂಚ್ ಓದಿದವನು. "ಬರದೇ ಇದ್ದೋನು ಕೊನೇ ದಿನ ಕಳೆದೋಯ್ತು ಅಂತಾನೆ, ಅಷ್ಟೇ ಮಾವ."

ಸುಬ್ಬಯ್ಯನವರು ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಏಕಾಂತಯ್ಯ, ಚೀಟಿ ಸಿಕ್ಕಿದ್ರೆ ಸರಿ. ಸಿಗ್ದೇ ಇದ್ರೆ ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೀಯ ಅಂತ್ಲೇ ತಿಳ್ಕೋತೀನಿ."

ಏಕಾಂತಯ್ಯ ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನ ಅಬ್ದುಲ್ ಮಜೀದ್ ಸಾಹೇಬರು ಅವನ ಮನೆಗೆ ಬಂದರು. ಸಕಲೇಶಪುರದ ಬಸ್ ಏಜೆಂಟರು. ದಾರಿಯಲ್ಲಿ ಕಳೆದ ಗಂಟುಮೂಟೆ ಪತ್ತೆ ಮಾಡುವುದರಲ್ಲಿ ಆಲೂರಿನವರೆಗೂ ಹೆಸರು. ಬಂದವರೇ ಡಬ್ಬಿ ತೆಗೆದರು.

"ಇದೇನ್ ರೈಟ್ರೇ, ಪುರಿ?"

"ತೇವ ಎಳ್ಕೊಳ್ಳಕ್ಕೆ ಸಾಬ್ರೇ. ಇಲ್ದಿದ್ರೆ ಚೀಟಿಗೆ ಬೂಷ್ಟು ಹಿಡೀತೈತೆ. ಮೆತ್ತಗಾದಾಗ ಗಂಗೂ ಬೇರೆ ಪುರಿ ಬಿಸಿ ಮಾಡಿ ಕೊಡ್ತಾಳೆ."

"ಕೊನೇ ಸಲ ಡಬ್ಬಿ ನೋಡಿದ್ದು?"

"ನಿನ್ನೆ ಸಂಜೆ. ಚೀಟಿ ಇದ್ವು. ಪುರಿ ಮೆತ್ತಗಾಗಿತ್ತು. ಬೆಳಿಗ್ಗೆ ಕೇಳಿ ಬದಲಾಯ್ಸಣ ಅಂತ ಬಿಟ್ಟೆ."

ಸಾಹೇಬರು ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು ಕುರುಕುರು ಅಗಿದರು.

"ಸಾಬ್ರೇ! ಸಾಕ್ಷೀನೇ ತಿಂತಿದೀರಲ್ಲ?"

"ಹಸಿದ್ರೆ ನನ್ ತಲೆ ಓಡಲ್ಲ ಮಾರಾಯ." ಬಾಗಿಲಲ್ಲಿ ನಿಂತಿದ್ದ ವೆಂಕಟೇಶನತ್ತ ತಿರುಗಿದರು. "ನೀನು ನಿನ್ನೆ ಇಲ್ಲಿಗೆ ಬಂದಿದ್ದೆ ಅಲ್ವಾ?"

"ಬಂದಿದ್ರೆ?"

"ಡಬ್ಬಿ ತೆಗ್ದೆ?"

ವೆಂಕಟೇಶನ ಮುಖ ಕೆಂಪಾಯಿತು. "ತೆಗ್ದೆ. ಒಂದೆರಡು ಚೀಟಿ ಓದ್ದೆ. ನನ್ನ ಕೈಲಿ ಹಂಗೆ ಬರಿಯಕ್ಕಾಗಲ್ಲ. ಅದನ್ನ ಮಾವನ ಮುಂದೆ ಹೇಳಕ್ಕೆ ಮನಸ್ಸಾಗ್ಲಿಲ್ಲ. ಆದ್ರೆ ಅಲ್ಲೇ ಇಟ್ಬುಟ್ಟೆ, ಆಣೆ!"

"ಪುರಿ ಏನ್ಮಾಡ್ದೆ?"

"ಯಾವ ಪುರಿ?"

ಸಾಹೇಬರು ತಲೆಯಾಡಿಸಿದರು. ಅಷ್ಟರಲ್ಲಿ ಗಂಗಾಮಣಿ ಕಾಫಿ ತಂದಳು.

"ಪಾಂಡಿಚೇರಿ ಕಂಡಿದೀರಾ ತಾಯಿ?"

"ಇಲ್ಲ ಸಾಬ್ರೇ." ಲೋಟ ಇಟ್ಟವಳು ಅಲ್ಲಿ ನಿಲ್ಲಲಿಲ್ಲ.

ಕಾಫಿ ಕುಡಿದ ಸಾಹೇಬರು ಏಕಾಂತಯ್ಯನನ್ನು ಒಬ್ಬನನ್ನೇ ಅಂಗಳಕ್ಕೆ ಕರೆದರು.

"ನಿನ್ನೆ ಮೆತ್ತಗಿದ್ದ ಪುರಿ ಇವತ್ತು ನನ್ನ ಹಲ್ಲಲ್ಲಿ ಕುರುಕುರು ಅಂತು. ಈ ಥಂಡೀಲಿ ಅದು ತಾನಾಗೇ ಗರಿಗರಿ ಆಗೋದು ಕೋಳಿಗೆ ಹಲ್ಲು ಬಂದಾಗ. ಫ್ರೆಂಚರು ಹಂಗಂತಾರೆ ಅಂತ ನೀವೇ ಅಲ್ವಾ ಬಸ್ಸಲ್ಲಿ ಹೇಳಿದ್ದು?"

ಏಕಾಂತಯ್ಯ ಹಣೆ ಚಚ್ಚಿಕೊಂಡ. ಬೆಳಿಗ್ಗೆ ಆ ಪುರಿಯ ಮೇಲೆ ಅವನ ಕಣ್ಣೂ ಬಿದ್ದಿತ್ತು.

"ಕದ್ದೋರು ಹಳೇ ಪುರಿ ಚೆಲ್ಲಿ ಬಿಸಿ ಪುರಿ ತುಂಬವ್ರೆ. ಖಾಲಿ ಡಬ್ಬಿಗೆ ತೇವ ಆದ್ರೆ ಕಳ್ಳನಿಗೇನು ರೈಟ್ರೇ? ಆದ್ರೆ ಎರಡು ವರ್ಷದಿಂದ ಪುರಿ ಬಿಸಿ ಮಾಡ್ಕೊಂಡು ಬಂದ ಕೈ ಅದು. ಮೆತ್ತಗಿರೋದು ಕಂಡ ತಕ್ಷಣ, ಕದಿಯೋ ಹೊತ್ತಲ್ಲೂ ತನ್ನ ಕೆಲ್ಸ ಮಾಡ್ಬುಡ್ತು."

"ಯಾರು—ಗಂಗೂನಾ?"

"ಬೆಂಕಿಗೆ ಹಾಕಿರಲ್ಲ. ತೇವಕ್ಕೂ ಬಿಟ್ಟಿರಲ್ಲ. ಒಲೆ ಮೇಲಿನ ಅಟ್ಟ ನೋಡ್ಹೋಗಿ. ಸಾಹುಕಾರ್ರಿಗೆ ನಾನು ಹೇಳ್ತೀನಿ."

ಅಟ್ಟ ನೋಡಬೇಕಾಗಿ ಬರಲಿಲ್ಲ. ಗಂಗಾಮಣಿ ಚೀಟಿಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತಿದ್ದಳು.

"ಸುಡಣ ಅಂತ್ಲೇ ತಂದೆ. ಒಂದೊಂದರಲ್ಲೂ ನಾನಾಡಿದ ಮಾತೇ ಐತೆ. ಕೈ ಬರ್ಲಿಲ್ಲ."

"ಯಾಕೆ ಗಂಗೂ?"

"ಪಾಂಡಿಚೇರೀಲಿ ನಿಮಗೆ ಮೂರು ಭಾಷೆ. ನನ್ನ ಮಾತು ಯಾರಿಗೆ ತಿಳೀತೈತೆ? ಮೂಗಿ ಆಗ್ಬುಡ್ತೀನಿ ಕಣ್ರೀ. ನಿಮ್ಮನ್ನ ಸುಳ್ಳ ಅಂತಾರೆ ಅಂತ ಹೊಳೀಲಿಲ್ಲ ನಂಗೆ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ."

ಏಕಾಂತಯ್ಯ ಕಟ್ಟಿನಿಂದ ಆ ಅರ್ಧ ಚೀಟಿ ಹುಡುಕಿ ತೆಗೆದ. ಅವಳ 'ಹೊಟ್ಟೆಗೆ ಹಾಕ್ಕೊಳ್ಳಿ'ಯನ್ನು ಹಾಗೆಯೇ ಬರೆದುಕೊಂಡ.

"ಇದಕ್ಕೆ ಫ್ರೆಂಚರು ಹಾವು ನುಂಗೋದು ಅಂತಾರೆ."

"ಅಯ್ಯೋ, ಹಾವಾ?" ಅಳುತ್ತಿದ್ದವಳಿಗೆ ನಗು ಬಂತು. ಅವನಿಗೆ ಬರಲಿಲ್ಲ. ದೊರೆಯ ಒಂದೊಂದು ಮಾತಿಗೂ ಇವಳನ್ನು ಕೇಳಿದ್ದ. ಕೇಳಲೇಬೇಕಾದ ಒಂದನ್ನು ಬಿಟ್ಟಿದ್ದ.

ಹೊರಗೆ ಸಾಹೇಬರ ಗಟ್ಟಿ ದನಿ: "ಬೆಚ್ಚಗಿರ್ಲಿ ಅಂತ ಒಲೆ ಮೇಲಿಟ್ಟಿದ್ರಂತೆ ಸಾಹುಕಾರ್ರೇ! ಎಲ್ಲಾ ಐತೆ, ನಿಮ್ಮ ರೈಟ್ರು ಅಪ್ಪಟ ಚಿನ್ನ!"

ಏಕಾಂತಯ್ಯ ಹೆಂಡತಿಯ ಪಕ್ಕದಲ್ಲಿ ಕೂತ.

"ಗಂಗೂ, ಪಾಂಡಿಚೇರಿಗೆ ಹೋಗೋದು—ಇದಕ್ಕೆ ನೀನೇನಂತೀಯ?"

ಅವಳು ಒಲೆಗೆ ಒಂದು ಸೌದೆ ತಳ್ಳಿದಳು.

"ಪುಸ್ತಕ ಅಲ್ಲಿಗೆ ಹೋಗ್ಲಿ. ನಾವಿಲ್ಲೇ ಇರಣ."

ಅವನು ಹೂಂ ಎಂದು ಚೀಟಿಗಳನ್ನು ಡಬ್ಬಿಗೆ ತುಂಬಿದ. ಅವಳು ಪುರಿ ಬಿಸಿ ಮಾಡಲು ಬಾಣಲೆ ಒಲೆಗಿಟ್ಟಳು.