ಡ್ರಮ್ಮಿನ ಕೆಳಗಿನ ಜಮಖಾನ

ಕಳ್ಳ ಬಂದು ಹೋಗಿದ್ದ. ಗಿಟಾರುಗಳು ಗೋಡೆಗೆ ಒರಗಿದ್ದವು. ಸ್ಪೀಕರುಗಳು ಇದ್ದಲ್ಲೇ ಇದ್ದವು. ಮೈಕುಗಳ ಪೆಟ್ಟಿಗೆಯ ಮುಚ್ಚಳವನ್ನೂ ಯಾರೂ ತೆರೆದಿರಲಿಲ್ಲ. ಹೋದದ್ದು ಒಂದೇ ಒಂದು — ಡ್ರಮ್ಮಿನ ಕೆಳಗೆ ಹಾಸಿದ್ದ ಹಳೆಯ ಜಮಖಾನ.

"ಇದಕ್ಕಾ ನಮ್ಮನ್ನ ಕರೆಸಿದ್ದು?" ಎಂದುಬಿಟ್ಟೆ.

ಭಾವ ನನ್ನತ್ತ ಕಣ್ಣು ಬಿಟ್ಟರು. ಅವರು ಪೊಲೀಸ್ ಇಲಾಖೆಯಲ್ಲಿ ಪತ್ತೆ ಕೆಲಸ ಮಾಡಿ ನಿವೃತ್ತರಾದವರು, ನನ್ನ ಅಕ್ಕನ ಗಂಡ. ಅಕ್ಕ ತೀರಿಕೊಂಡ ಮೇಲೆ ಅವರೂ ನಾನೂ ಒಂದೇ ಮನೆಯಲ್ಲಿದ್ದೇವೆ. ಇಬ್ಬರು ಗಂಡಸರು, ಒಂದು ಒಲೆ. ಯಾರಾದರೂ ಏನನ್ನಾದರೂ ಕಳೆದುಕೊಂಡು ಬಂದರೆ ಮಾತ್ರ ನಮ್ಮ ಮನೆಯಲ್ಲಿ ಮಾತು ಹುಟ್ಟುತ್ತದೆ. ಹಾಗಾಗಿ ನಾನು ಯಾವ ಕಳ್ಳನನ್ನೂ ಮನಸಾರೆ ಬೈಯಲಾರೆ.

ಬರುವಾಗಲೂ ಎಂದಿನಂತೆ ನಾನು ಮುಂದೆ, ಭಾವ ಹತ್ತು ಹೆಜ್ಜೆ ಹಿಂದೆ. ಪತ್ತೇದಾರರು ಯೋಚಿಸುತ್ತ ನಡೆಯುತ್ತಾರೆ, ಅದಕ್ಕೇ ನಿಧಾನ ಎಂದು ನನ್ನ ನಂಬಿಕೆ.

ಕರೆಸಿದವನು ಗಿಟಾರಿನವನು. ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸುವ ಅವನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಬಲಗಿವಿಗೆ ಹತ್ತಿ ತುರುಕಿಕೊಂಡಿದ್ದ.

"ಸರ್, ನಾಳೆ ಸಂಜೆ ನಮ್ಮ ತಂಡದ ಕೊನೇ ಶೋ. ಜಮಖಾನ ಇಲ್ದೆ ಶೋ ನಡೆಯಲ್ಲ."

"ಬೇರೆ ಹಾಸಿದ್ರೆ?"

"ಆಗಲ್ಲ ಸರ್. ನಮ್ಮ ಮೊದಲ ರೂಮು ಆ ಜಮಖಾನದಷ್ಟೇ ಇತ್ತು. ನಾಲ್ಕು ಜನ ಮುಖಕ್ಕೆ ಮುಖ ಕೊಟ್ಕೊಂಡು ನುಡಿಸ್ತಿದ್ವಿ. ಯಾರು ಎಲ್ಲಿ ನಿಲ್ಲೋದು ಅಂತ ಅದರ ಮೇಲೆ ಟೇಪ್ ಅಂಟಿಸಿದ್ವಿ. ಆಮೇಲೆ ಎಷ್ಟೇ ದೊಡ್ಡ ಸ್ಟೇಜ್ ಸಿಗಲಿ, ಅದನ್ನೇ ಹಾಸಿ ಅದರ ಮೇಲೇ ನಿಂತ್ವಿ. ಅದಿಲ್ದೆ ಯಾವತ್ತೂ ನುಡಿಸಲ್ಲ ಅಂತ ಆಣೆ ಹಾಕ್ಕೊಂಡಿದ್ವಿ."

ಈ ತಂಡ ನನಗೆ ಹೊಸದಲ್ಲ. ಯಾವ ಕಂಪನಿಯ ಹಂಗಿಗೂ ಬೀಳದೆ ತಮ್ಮ ಹಾಡು ತಾವೇ ಕಟ್ಟಿ, ತಾವೇ ರೆಕಾರ್ಡ್ ಮಾಡಿ, ಚೀಲದಲ್ಲಿ ಹೊತ್ತು ಮಾರಿದವರು. ಮೊದಲ ಕ್ಯಾಸೆಟ್ ನನ್ನ ಹತ್ತಿರ ಇನ್ನೂ ಇದೆ. ಎರಡನೆಯ ಆಲ್ಬಮ್ಮಿಗೆ ರೇಡಿಯೊ ಮಣಿಯಿತು. ದೊಡ್ಡ ಮೈದಾನದಲ್ಲಿ ಜನಸಾಗರದ ಮುಂದೆ ಹಾಡಿದರು. ಕಂಪನಿಯೊಂದು ಬಂದು ಗಾಯಕಿಯೊಬ್ಬಳೇ ಸಾಕು ಎಂದಿತು. ಆಕೆ ಬಾಗಿಲು ತೋರಿಸಿದಳು. ಮೂರನೆಯ ಆಲ್ಬಮ್ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಬೇಸ್ ಗಿಟಾರಿನವನು ಬಿಟ್ಟುಹೋದ. ಉಳಿದ ಮೂವರು ಚಿಕ್ಕ ಚಿಕ್ಕ ಸಭಾಂಗಣಗಳಲ್ಲಿ, ಅರ್ಧ ಖಾಲಿ ಕುರ್ಚಿಗಳ ಮುಂದೆ ನುಡಿಸುತ್ತ ಬಂದಿದ್ದರು. ಭಾವನಿಗೆ ಇದೆಲ್ಲ ಹೇಳಿ ಪ್ರಯೋಜನವಿಲ್ಲ, ಸಂಗೀತದ ವಿಷಯದಲ್ಲಿ ಅವರದು ಕತ್ತೆ-ಕಸ್ತೂರಿಯ ಸಂಬಂಧ.

ಭಾವ ಬಗ್ಗಿ ಬೀಗ ನೋಡಿದರು. ಗೀರು ಕೂಡ ಇಲ್ಲ.

"ಕೀಲಿ ಯಾರ್ಯಾರ ಹತ್ರ ಇದೆ?"

"ನಮ್ಮ ಮೂವರ ಹತ್ರ. ಬಿಟ್ಟುಹೋದವನೂ ತನ್ನದು ವಾಪಸ್ ಕೊಟ್ಟಿಲ್ಲ."

"ನಿನ್ನೆ ಸಂಜೆ ಜಮಖಾನ ಇತ್ತಾ?"

"ಇತ್ತು. ಅದರ ಮೇಲೇ ಪ್ರಾಕ್ಟೀಸ್ ಮಾಡಿದ್ವಿ. ಬೆಳಗ್ಗೆ ಬಂದು ನೋಡಿದ್ರೆ ಬರೀ ನೆಲ."

ವಿಚಿತ್ರವೆಂದರೆ, ಆ ಬರಿ ನೆಲದ ಮೇಲೆ ಡ್ರಮ್ಮುಗಳು ಒಪ್ಪವಾಗಿ ಜೋಡಣೆಯಾಗಿ ನಿಂತಿದ್ದವು. ಕಳ್ಳ ಅಷ್ಟನ್ನೂ ಎತ್ತಿಟ್ಟು, ಜಮಖಾನ ಸುತ್ತಿಕೊಂಡು, ಮತ್ತೆ ಒಂದೊಂದನ್ನೇ ಜೋಡಿಸಿಟ್ಟು ಹೋಗಿದ್ದ. ಇಂಥ ಶಿಸ್ತಿನ ಕಳ್ಳನನ್ನು ನಾನು ಕಂಡಿರಲಿಲ್ಲ.

"ಇಷ್ಟು ಚೆನ್ನಾಗಿ ಜೋಡಿಸೋಕೆ ಯಾರಿಗೆ ಬರುತ್ತೆ?" ಎಂದರು ಭಾವ.

"ಇನ್ಯಾರಿಗೆ ಸರ್, ಡ್ರಮ್ಮರಿಗೇ." ಉದ್ದಣ್ಣ ದನಿ ತಗ್ಗಿಸಿದ. "ಹಿಂದೆ ಅವನು ಗೋದಾಮಿನ ಕೆಲಸ ಮುಗಿಸಿ ಬರೋಷ್ಟರಲ್ಲಿ ಅಲ್ಲಿ ಕೂತಿದಾಳಲ್ಲ, ನಮ್ಮ ಗಾಯಕಿ, ಇವಳೇ ಜೋಡಿಸಿಟ್ಟಿರ್ತಿದ್ಲು. ಅದು ಹಳೇ ಕಥೆ ಬಿಡಿ. ಈಗ ಅವನೇ ಎಲ್ಲರಿಗಿಂತ ಮೊದಲು ಬರ್ತಾನೆ, ಎಲ್ಲರೂ ಹೋದ ಮೇಲೆ ಹೋಗ್ತಾನೆ. ತಂಡ ಮುಗಿಸೋಣ ಅಂದವನೂ ಅವನೇ. 'ಸಾಕು' ಅಂದ, ಅಷ್ಟೆ. ಯಾಕೆ ಅಂತ ಕೇಳಿದ್ರೆ ಗೋಡೆ ನೋಡ್ತಾನೆ."

"ನಿಮ್ಮ ಕಿವಿಗೇನಾಯ್ತು?"

"ಅವನದೇ ಕೃಪೆ! ಆ ಸಿಂಬಲ್ ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಬಡಿದು ಬಡಿದು ಈ ಕಿವಿ ಹೋಯ್ತು."

ಭಾವ ಡ್ರಮ್ಮುಗಳ ನಡುವೆ ನಿಂತಿದ್ದ ಸಿಂಬಲ್ ಕಡೆ, ಆ ದೊಡ್ಡ ಕಂಚಿನ ತಟ್ಟೆಯ ಕಡೆ, ಸುಮ್ಮನೆ ನೋಡಿದರು.

ಗಾಯಕಿ ಕಿಟಕಿಯ ಬಳಿ ಕೂತಿದ್ದಳು. ವೇದಿಕೆಯ ಮೇಲೆ ಸಾವಿರ ಜನರ ಎದೆ ನಡುಗಿಸಿದ ದನಿ ಅದು. ಈಗ ಕೇಳಿಸಿಕೊಳ್ಳಲು ಹತ್ತಿರ ಹೋಗಬೇಕಾಯಿತು.

"ಜಮಖಾನ ಯಾರದಮ್ಮಾ?"

"ನಮ್ಮಮ್ಮ ಕೊಟ್ಟಿದ್ದು. ಈಗ ಅಮ್ಮ ಇಲ್ಲ."

"ಮನೇಲಿ ಯಾರಿದಾರೆ?"

"ನಾನೊಬ್ಳೇ."

"ಡ್ರಮ್ಮರ್ ಯಾಕೆ ಸಾಕು ಅಂದ್ರು?"

"ನನ್ನ ಜೊತೆ ಸಾಕಾಗಿರಬೇಕು ಸರ್." ಅವಳು ನೆಲ ನೋಡಿದಳು. "ಆಣೆ ಅಂದ್ರೆ ಆಣೆ. ಜಮಖಾನ ಸಿಗದಿದ್ರೆ ನಾಳೆ ನಾನು ಹಾಡಲ್ಲ."

ಅಷ್ಟರಲ್ಲಿ ಡ್ರಮ್ಮರ್ ಬಂದ. ಗಟ್ಟಿ ಆಳು, ಗಡ್ಡ ನರೆತಿದೆ. ದಿನವಿಡೀ ಸದ್ದು ಮಾಡುವ ಈತನಿಗೆ ತಂಡದವರು ಇಟ್ಟ ಅಡ್ಡಹೆಸರು ಮೌನಿ.

"ನಿಮ್ಮ ಸಾಮಾನೇನಾದ್ರೂ ಹೋಗಿದೆಯಾ, ನೋಡಿ," ಎಂದರು ಭಾವ.

ಮೌನಿ ಡ್ರಮ್ಮುಗಳ ಹಿಂದೆ ಹೋದ. ಕೂರುವ ಮೊದಲು ಸ್ಟೂಲನ್ನು ಗಿರಗಿರ ತಿರುಗಿಸಿ ಎತ್ತರಿಸಿದ. ಬಲಗಡೆ ಎತ್ತರದಲ್ಲಿದ್ದ ಸಿಂಬಲ್ಲಿನ ಸ್ಟ್ಯಾಂಡನ್ನು ಎಳೆದು ಎಡಗಡೆಗೆ ತಂದ, ತಿರುಪು ಸಡಿಲಿಸಿ ತಗ್ಗಿಸಿದ. ಎಂಥಾ ಶೋಕಿ ಮನುಷ್ಯನಪ್ಪ ಎಂದುಕೊಂಡೆ ನಾನು. ಆಮೇಲೆ ಅವನ ಕೈ ಹಾಗೇ ನಿಂತುಬಿಟ್ಟಿತು. ಬರಿ ನೆಲವನ್ನೇ ತುಂಬ ಹೊತ್ತು ನೋಡಿದ.

"ಏನೂ ಹೋಗಿಲ್ಲ," ಎಂದ.

"ಜಮಖಾನ ಹೋಗಿದೆಯಲ್ಲ?"

ಮೌನಿ ಸಿಂಬಲ್ಲಿನ ತಿರುಪು ಬಿಗಿದ.

"ಕದ್ದವರು ಯಾರಿರಬಹುದು?"

ಅವನ ಎಡಗೈ ಮೆಲ್ಲಗೆ ಮೇಲೆದ್ದು ಬಲ ಹೆಗಲನ್ನು ಮುಟ್ಟಿತು, ಒತ್ತಿಕೊಂಡಿತು. ನಾನು ಭಾವನನ್ನು ತಿವಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಕಣ್ಣೆದುರೇ ನಡೆಯುತ್ತಿತ್ತು!

"ನಾನೇ ಅಂತ ಬರ್ಕೊಳ್ಳಿ," ಎಂದ ಮೌನಿ.

"ಜಮಖಾನ ಎಲ್ಲಿಟ್ಟಿದೀರಿ?"

"ಬಿಸಾಕ್ದೆ."

"ಎಲ್ಲಿ?"

ಅವನು ಗೋಡೆ ನೋಡಿದ. ಉದ್ದಣ್ಣನ ಮುಖ ಕೆಂಪಗಾಯಿತು. "ನೀನು ಮನುಷ್ಯನೇನೋ? ಹೋಗೋನು ಸುಮ್ನೆ ಹೋಗ್ಬಾರ್ದಿತ್ತಾ?" ಎಂದು ಕೂಗಿದ. ಗಾಯಕಿ ಥಟ್ಟನೆ ತಲೆಯೆತ್ತಿದಳು.

"ಮುಗೀತಲ್ಲ ಭಾವ," ಎಂದೆ ಹೊರಗೆ ಬಂದು.

"ಒಪ್ಕೊಂಡೋರನ್ನ ನಾನು ಬೇಗ ನಂಬಲ್ಲ ಕಣೋ. ನಡಿ, ನಾಲ್ಕನೇ ಕೀಲಿ ನೋಡೋಣ."

ಬಿಟ್ಟುಹೋದ ಬೇಸಿನವನದು ಈಗ ಸೈಕಲ್ ರಿಪೇರಿ ಅಂಗಡಿ. ಕೈತುಂಬ ಗ್ರೀಸು. ಕೀಲಿ ಕೇಳಿದ ಕೂಡಲೇ ಗೋಡೆಯ ಮೊಳೆಯಿಂದ ತೆಗೆದು ಕೊಟ್ಟ, ಮೇಲೆ ಧೂಳು ಕೂತಿತ್ತು.

"ಯಾಕೆ ವಾಪಸ್ ಕೊಡ್ಲಿಲ್ಲ?"

"ಅವರು ಕೇಳ್ಲಿಲ್ಲ. ಕೇಳದೆ ಇರೋದೇ ವಾಸಿ ಅನ್ನಿಸ್ತು." ಚಕ್ರವೊಂದನ್ನು ಸುಮ್ಮನೆ ತಿರುಗಿಸಿದ. "ಮೌನಿ ಹೇಗಿದಾನೆ ಸರ್? ಈಗಲೂ ಬಿಸಿನೀರಿನ ಚೀಲ ತರ್ತಾನಾ?"

"ಯಾವಾಗ ತರ್ತಿದ್ರು?"

"ಮೈದಾನದ ಶೋ ಆದ ಮೇಲೆ. ಬೇಸ್ ನುಡಿಸೋನು ಶೋ ಪೂರ್ತಿ ಡ್ರಮ್ಮರ್ ಕೈಯನ್ನೇ ನೋಡ್ತಿರಬೇಕು ಸರ್. ನಂಗೆ ಕಾಣ್ತಿತ್ತು. ಯಾರಿಗೂ ಹೇಳ್ಬೇಡ ಅಂದಿದ್ದ, ಹೇಳ್ಲಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಭಾವ ಮಾತ್ರ ಕೀಲಿಯನ್ನು ಅವನ ಕೈಗೇ ಹಿಂದಿರುಗಿಸಿದರು. "ಇಟ್ಕೊಳ್ಳಿ. ನಾಳೆ ಶೋಗೆ ಬನ್ನಿ," ಎಂದರು.

ಮಧ್ಯಾಹ್ನ ಮೂವರನ್ನೂ ಅದೇ ಕೋಣೆಯಲ್ಲಿ ಸೇರಿಸಿದರು.

"ಪ್ರಾಕ್ಟೀಸಿಗೆ ಹೇಗೆ ನಿಲ್ತೀರೋ ಹಾಗೇ ನಿಲ್ಲಿ."

ಮೂವರೂ ತಮ್ಮ ಜಾಗಕ್ಕೆ ಹೋದರು. ಎಲ್ಲರ ಮುಖವೂ ಎದುರಿನ ಗೋಡೆಯ ಕಡೆಗೆ, ಅಂದರೆ ಜನರಿರುವ ಕಡೆಗೆ. ಗಾಯಕಿ ಮುಂದೆ, ಉದ್ದಣ್ಣ ಎಡಪಕ್ಕಕ್ಕೆ, ಹಿಂದೆ ಮೌನಿ.

"ಅಮ್ಮಾ, ತಿರುಗಬೇಡಿ. ಹಾಗೇ ಹೇಳಿ. ಡ್ರಮ್ಮಿನ ಸ್ಟೂಲು ಎಷ್ಟೆತ್ತರ ಇರುತ್ತೆ?"

"ನನ್ನ ಮೊಣಕಾಲಿಗೆ ಸಮ," ಎಂದಳು ಥಟ್ಟನೆ.

"ದೊಡ್ಡ ಸಿಂಬಲ್?"

"ಬಲಗಡೆ. ನಾನು ಕೈ ಎತ್ತಿದ್ರೆ ಬೆರಳು ತಾಗಬೇಕು, ಅಷ್ಟೆತ್ತರ. ಮೊದಲಿಂದ ಹಾಗೇ."

"ಈಗ ತಿರುಗಿ ನೋಡಿ."

ಅವಳು ತಿರುಗಿದಳು. ಮೌನಿ ಸ್ಟೂಲಿನಿಂದ ಎದ್ದು ನಿಂತಿದ್ದ. ಸ್ಟೂಲು ಅವಳ ಮೊಣಕಾಲಿಗಿಂತ ಗೇಣುದ್ದ ಮೇಲಿತ್ತು. ಸಿಂಬಲ್ ಎಡಗಡೆ, ಸೊಂಟದ ಮಟ್ಟಕ್ಕೆ ಇಳಿದಿತ್ತು. ಅವಳ ಮುಖದ ಬಣ್ಣ ಹೋಯಿತು.

"ಬೆಳಗ್ಗೆ ನಾನು ಬಂದಾಗ ಸ್ಟೂಲು ತಗ್ಗಿತ್ತು, ಸಿಂಬಲ್ ಬಲಗಡೆ ಇತ್ತು," ಎಂದರು ಭಾವ. "ಆದರೆ ಅದು ಪಕ್ಕದಲ್ಲೇ ಬಡೀತಿತ್ತು ಅಂತ ಇವರ ಕಿವಿಯ ಹತ್ತಿ ಹೇಳ್ತಿದೆ. ಇವರು ನಿಲ್ಲೋದು ಎಡಗಡೆ. ಅಂದ್ರೆ ಕಳ್ಳ ಇದನ್ನ ಈಗಿರೋ ಹಾಗೆ ಜೋಡಿಸ್ಲಿಲ್ಲ, ಹಿಂದೆ ಯಾವಾಗಲೋ ಇದ್ದ ಹಾಗೆ ಜೋಡಿಸಿದ. ಮೌನಿ ಆಗಿದ್ರೆ ತನ್ನ ಸ್ಟೂಲಿನ ಎತ್ತರ ತಪ್ತಿರಲಿಲ್ಲ. ಉದ್ದಣ್ಣ ಆಗಿದ್ರೆ ಅವರ ಕಿವಿ ತಪ್ಪೋಕೆ ಬಿಡ್ತಿರಲಿಲ್ಲ. ಬಿಟ್ಟುಹೋದವರ ಕೀಲಿ ಮೇಲೆ ಧೂಳಿದೆ. ಅಲ್ದೆ ಮೌನಿ ಹೆಗಲಿಗೆ ಪೆಟ್ಟಾದದ್ದು ಮೊದಲು ನೋಡಿದವರೇ ಅವರು, ಹಳೇ ಎತ್ತರಕ್ಕೆ ಜೋಡಿಸ್ತಿರಲಿಲ್ಲ."

"ಹೆಗಲಿಗಾ?" ಎಂದಳು ಗಾಯಕಿ.

"ಬಲಗೈ ಮೇಲೇಳಲ್ಲ. ಅದಕ್ಕೇ ಸ್ಟೂಲು ಎತ್ತರ, ಅದಕ್ಕೇ ಸಿಂಬಲ್ ಎಡಕ್ಕೆ. ಬೆಳಗ್ಗೆ ನನ್ನ ಭಾವಮೈದ ಗಾದೆ ನೆನೆಸ್ಕೊಂಡು ನನ್ನ ಪಕ್ಕೆ ತಿವಿದ. ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ ಅಂತಾರೆ, ಇವತ್ತು ಗಾದೆ ಸುಳ್ಳಾಯ್ತು. ಇವರು ಹೆಗಲು ಮುಟ್ಟಿಕೊಂಡದ್ದು ನೋವಿಗೆ. ಸ್ಟೂಲು ತಿರುಗಿಸ್ತಿರುವಾಗಲೇ ಇವರಿಗೆ ಕಳ್ಳರು ಯಾರು ಅಂತ ಗೊತ್ತಾಗಿತ್ತು. ಅದಕ್ಕೇ ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು. ಈ ತಂಡದಲ್ಲಿ ಡ್ರಮ್ಮರಿಗೆ ಬೆನ್ನು ಹಾಕಿ ನಿಲ್ಲೋರು ಒಬ್ಬರೇ. ಹಳೇ ಜೋಡಣೆ ಕೈಯಲ್ಲಿ ಉಳಿದಿರೋದೂ ಅವರೊಬ್ಬರಿಗೇ. ಜಮಖಾನ ನಿಮ್ಮ ಮನೇಲಿದೆ, ಅಲ್ವೇನಮ್ಮಾ?"

ಉದ್ದಣ್ಣ ಗಿಟಾರಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ.

"ಹಾಸ್ಕೊಂಡು ನನ್ನ ಟೇಪಿನ ಮೇಲೆ ನಿಂತಿದ್ದೆ," ಎಂದಳು ಅವಳು. "ನಾಳೆ ಶೋ ನಡೀದಿದ್ರೆ ತಂಡ ಮುಗಿದ ಹಾಗಲ್ಲ ಅಂದ್ಕೊಂಡೆ. ಇದು ಬಿಟ್ರೆ ನಂಗೆ ಯಾರಿದಾರೆ? ಡ್ರಮ್ ಚೆಲ್ಲಾಪಿಲ್ಲಿ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ಸ್ಟೂಲು ಎತ್ತರ ಆಗಿತ್ತು, ಸಿಂಬಲ್ ಎಡಕ್ಕೆ ಹೋಗಿತ್ತು. ಯಾರೋ ಕೆಡಿಸಿದಾರೆ ಅಂದ್ಕೊಂಡು ಸರಿ ಮಾಡಿದೆ." ಅವಳು ಮೌನಿಯ ಹತ್ತಿರ ಹೋದಳು. "ಯಾವಾಗಿಂದ ಕಣೋ ಇದು?"

"ಮೈದಾನದ ಶೋ ಆದಾಗಿಂದ."

"ಅಷ್ಟು ವರ್ಷದಿಂದಾನಾ! ಹೇಳೋಕೇನಾಗಿತ್ತು ನಿಂಗೆ?"

ಮೌನಿ ಮೊದಲ ಬಾರಿಗೆ ಗೋಡೆ ಬಿಟ್ಟು ಮನುಷ್ಯರನ್ನು ನೋಡಿದ.

"ಹೇಳಿದ್ರೆ ನೀನು ಅವತ್ತೇ ತಂಡ ನಿಲ್ಲಿಸ್ತಿದ್ದೆ. ಆಮೇಲೆ ನಾನೆಲ್ಲಿಗೆ ಹೋಗ್ಲಿ? ಎಷ್ಟು ದಿನ ಆಗುತ್ತೋ ಅಷ್ಟು ದಿನ ಅಂದ್ಕೊಂಡೆ. ಈಗ ಆಗ್ತಿಲ್ಲ ಕಣೆ. ನಿನ್ನ ಜೊತೆ ಸಾಕಾಗಿ ಅಲ್ಲ."

ಅವಳು ಅತ್ತಳು. ನಾವು ಹೊರಗೆ ಬಂದೆವು; ಅಲ್ಲಿ ನಮ್ಮ ಕೆಲಸವಿರಲಿಲ್ಲ.

ಮಾರನೆಯ ಸಂಜೆ ಜಮಖಾನ ವೇದಿಕೆಯ ಮೇಲಿತ್ತು. ಅರ್ಧ ತುಂಬಿದ ಸಭಾಂಗಣದ ಕೊನೆಯಲ್ಲಿ ಸೈಕಲ್ ಅಂಗಡಿಯವನು ಕೈ ತೊಳೆದುಕೊಂಡು ಬಂದು ನಿಂತಿದ್ದ. ನಾಲ್ಕನೆಯ ಟೇಪು ಖಾಲಿಯೇ ಇತ್ತು. ಎಲ್ಲರೂ ನೋಡುತ್ತಿರುವಂತೆಯೇ ಗಾಯಕಿ ಡ್ರಮ್ಮುಗಳನ್ನು ತಾನೇ ಜೋಡಿಸಿದಳು. ಮಂಡಿಯೂರಿ ಸ್ಟೂಲು ತಿರುಗಿಸುತ್ತ, "ಸಾಕಾ?" ಎಂದಳು.

"ಇನ್ನೊಂದು ಸುತ್ತು," ಎಂದ ಮೌನಿ.

ಇನ್ನೊಂದು ಸುತ್ತು ತಿರುಗಿಸಿದಳು. ಮುಂದೆ ಹೋಗಿ ತನ್ನ ಟೇಪಿನ ಮೇಲೆ ನಿಂತು ಹಾಡಿದಳು. ಚೆನ್ನಾಗಿ ಹಾಡಿದಳು. ಹಾಡುಗಳು ಮುಗಿದವು, ತಂಡವೂ ಮುಗಿಯಿತು. ಮೂವರು ಸೇರಿ ಜಮಖಾನ ಸುತ್ತುವುದನ್ನು ನೋಡಲಾರದೆ ನಾನು ಎದ್ದುಬಿಟ್ಟೆ.

ಮನೆಯ ಮೆಟ್ಟಿಲು ಹತ್ತುವಾಗ ಎಂದಿನಂತೆ ನಾನು ಮುಂದಿದ್ದೆ. ಅರ್ಧದಲ್ಲಿ ಯಾಕೋ ನಿಂತು ಹಿಂದಿರುಗಿ ನೋಡಿದೆ. ಭಾವ ಮೆಟ್ಟಿಲ ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲೆಳೆದುಕೊಂಡು, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಯೋಚನೆಯೂ ಇಲ್ಲ, ಏನೂ ಇಲ್ಲ.

"ಯಾವಾಗಿಂದ ಭಾವ, ಈ ಮಂಡಿ?" ಎಂದೆ.

ಅವರು ಉಸಿರು ಎಳೆದುಕೊಂಡರು. "ನಿಮ್ಮಕ್ಕ ಇದ್ದಾಗ್ಲೇ ಶುರುವಾಗಿತ್ತು," ಎಂದರು. ನಾನು ಕೆಳಗಿಳಿದು ಹೋಗಿ ಕೈ ಕೊಟ್ಟೆ.