ಆಮೆನ್‌ಗೆ ಮುಂಚೆ ನಕ್ಕವಳು

ನೂರಿಪ್ಪತ್ತು ಜನ ಕೂತಿದ್ದ ಆ ಹಾಲ್‌ನಲ್ಲಿ ನಕ್ಕವಳು ಅವಳೊಬ್ಬಳೇ.

ಅದೂ ಎಂಥ ಹೊತ್ತಿನಲ್ಲಿ! ತೆರೆಯ ಮೇಲೆ ಒಂದು ಕುಟುಂಬ ಊಟದ ಮೇಜಿನ ಸುತ್ತ ತಲೆಬಾಗಿ ಕೂತಿತ್ತು. ಮನೆಯ ಅಳಿಯ ಊಟದ ಪ್ರಾರ್ಥನೆಯನ್ನು ರಬ್ಬರಿನಂತೆ ಎಳೆಯುತ್ತಿದ್ದ. ಹಾಲ್ ಪೂರ್ತಿ ನಿಶ್ಶಬ್ದ... ಅಷ್ಟರಲ್ಲಿ ಮೂರನೇ ಸಾಲಿನಿಂದ ಗೊಳ್ಳೆಂದು ಒಂದು ನಗು!

ಪಕ್ಕದಲ್ಲಿದ್ದ ಬೀಗದ ದೊಡ್ಡಮ್ಮ ಬೆಚ್ಚಿಬಿದ್ದರು. ಚರ್ಚ್ ಹಾಲ್‌ನ ಬೀಗದ ಕೈ ಇಪ್ಪತ್ತು ವರ್ಷಗಳಿಂದ ಅವರ ಬಳಿಯೇ ಇದ್ದುದರಿಂದ ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ.

“ಪ್ರಾರ್ಥನೆ ನಡೀವಾಗ ನಗ್ತಾರೇನೇ? ನಿಮ್ಮಮ್ಮ ಇದ್ದಿದ್ರೆ ತಲೆ ಮೇಲೆ ಮೊಟಕ್ತಿದ್ಲು!”

ಅವಳು ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು. ಅಮ್ಮ ಇದ್ದಿದ್ದರೆ...? ಅಮ್ಮ ಅಲ್ಲೇ ಇದ್ದಳಲ್ಲ, ತೆರೆಯ ಮೇಲೆ! ಏಳು ತಿಂಗಳ ಹಿಂದೆ ಮಣ್ಣು ಮಾಡಿದ್ದ ಅಮ್ಮ, ಅತಿಥಿಯಾಗಿ ಬಂದ ನೆರೆಮನೆಯ ಅಜ್ಜಿಯ ಪಾತ್ರದಲ್ಲಿ, ಒಂದೇ ಕಣ್ಣು ತೆರೆದು, ಅಳಿಯನ ತಟ್ಟೆಯಲ್ಲಿದ್ದ ದೊಡ್ಡ ಕೋಳಿ ಕಾಲನ್ನು ಮೆಲ್ಲಗೆ ಎತ್ತಿ ಪುಟ್ಟ ಹುಡುಗಿಯ ತಟ್ಟೆಗೆ ದಾಟಿಸುತ್ತಿದ್ದಳು.

ಸ್ವಂತ ಮಗಳಿಗೆ ಎಷ್ಟೋ ವರ್ಷ ದಾಟಿಸಿದ್ದಂತೆಯೇ!

ಏಳು ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನಗುವಿನ ಬೆನ್ನಿಗೇ ಅಳುವೂ ಬಂತು.

ಕೊನೆಯ ಸಾಲಿನಲ್ಲಿ ಒಬ್ಬ ತೆರೆಯನ್ನೂ ನೋಡದೆ, ಜನರನ್ನೂ ನೋಡದೆ, ತೊಡೆಯ ಮೇಲಿನ ನೋಟ್‌ಬುಕ್‌ಗೆ ಕಿವಿಗೊಟ್ಟವನಂತೆ ಬಗ್ಗಿ ಕೂತಿದ್ದ. ಸಭೆಯವರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು, ಒಂದು ಹಳೆಯ ಕ್ಯಾಮೆರಾದಲ್ಲಿ ಈ ಹಾಸ್ಯ ಚಿತ್ರ ತೆಗೆದವನು ಅವನೇ. ಮದುವೆ ವಿಡಿಯೊ ಕತ್ತರಿಸಿ ಜೋಡಿಸುವುದು ಅವನ ಕಸುಬು. ಹಾಗಾಗಿ ಊರಿಗೆಲ್ಲ ಅವನು ‘ಕತ್ತರಿ’.

ಜನ ಎಲ್ಲಿ ನಕ್ಕರು, ಎಷ್ಟು ಹೊತ್ತು ನಕ್ಕರು ಎಂದು ಕಿವಿಯಿಂದಲೇ ಕೇಳಿ ನಿಮಿಷದ ಲೆಕ್ಕದಲ್ಲಿ ಬರೆದುಕೊಳ್ಳುವುದು ಅವನ ಪದ್ಧತಿ. ಊಟದ ದೃಶ್ಯದ ಮುಂದೆ ಅವನು ಬರೆದ: ‘ಒಬ್ಬರು ಮಾತ್ರ.’

ಚಿತ್ರ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವನು ನೇರವಾಗಿ ಅವಳ ಬಳಿ ಬಂದ.

“ಮೂರನೇ ಸಾಲಲ್ಲಿ ನಕ್ಕಿದ್ದು ನೀವೇ ತಾನೇ? ಯಾಕೆ ನಕ್ಕಿರಿ?”

ನಾಲ್ಕು ಜನ ತಿರುಗಿ ನೋಡಿದರು. ಅವಳ ಮುಖ ಕೆಂಪಾಯಿತು. ‘ಎಲ್ಲರ ಮುಂದೆ ವಿಚಾರಣೆಯೇ?’

“ತಪ್ಪಾಯ್ತು,” ಎಂದು ಲೋಟ ಕೆಳಗಿಟ್ಟಳು.

“ಅಯ್ಯೋ, ಹಾಗಲ್ಲ, ನಾನು ಕೇಳಿದ್ದು...”

ಅವಳು ನಿಲ್ಲಲಿಲ್ಲ. ಆದರೆ ಬಾಗಿಲ ಬಳಿ ಚಪ್ಪಲಿ ಹುಡುಕುವಾಗ ಅವನು ಪಾಸ್ಟರ್‌ಗೆ ಹೇಳಿದ ಮಾತು ಕಿವಿಗೆ ಬಿತ್ತು.

“ಊಟದ ಪ್ರಾರ್ಥನೆ ದೃಶ್ಯ ತೆಗೆದುಬಿಡೋಣ ಪಾಸ್ಟರ್. ಬೇರೆ ಸಭೆಗಳಿಗೆ ಕಳಿಸೋರು ಎಂಬತ್ತು ನಿಮಿಷ ದಾಟಬಾರ್ದು ಅಂದಿದ್ದಾರೆ. ಅಲ್ಲಂತೂ ಯಾರೂ ನಗಲಿಲ್ಲ. ಒಬ್ಬರು ನಕ್ಕರು, ಅದೂ ಯಾಕೋ ಗೊತ್ತಿಲ್ಲ.”

ಅವಳು ಬರಿಗಾಲಲ್ಲೇ ವಾಪಸ್ ಬಂದಳು.

“ಯಾಕೆ ಅಂತ ಹೇಳ್ಲಾ? ಆ ಅಜ್ಜಿ ನನ್ನಮ್ಮ! ನಿಮ್ಮ ಇಡೀ ಸಿನಿಮಾದಲ್ಲಿ ಅವಳಿರೋದೇ ಒಂದೂಕಾಲು ನಿಮಿಷ. ತೆಗೀರಿ! ಮನೆಯಿಂದ ಹೋದಳು, ಇಲ್ಲಿಂದಲೂ ಕಳಿಸಿಬಿಡಿ!”

ಕತ್ತರಿ ನೋಟ್‌ಬುಕ್ ಮುಚ್ಚಿದ. ಅವನು ಈ ಸಭೆಗೆ ಸೇರಿ ಮೂರೇ ವರ್ಷ. ಅವಳು ಊರು ಬಿಟ್ಟು ಹತ್ತು ವರ್ಷ. ಮಣ್ಣಿನ ದಿನ ಅವನು ದೂರದೂರಿನ ಮದುವೆಯೊಂದರ ಚಿತ್ರೀಕರಣದಲ್ಲಿದ್ದ. ಅವನಿಗಾದರೂ ಹೇಗೆ ಗೊತ್ತಾಗಬೇಕು?

*

ಅವಳು ಮೂರು ವಾರ ರಜೆ ಹಾಕಿ ಬಂದಿದ್ದು ಅಮ್ಮನ ಬಾಡಿಗೆ ಮನೆ ಖಾಲಿ ಮಾಡಲು. ಬೇರೆ ಊರಿನ ದಂತ ಪ್ರಯೋಗಾಲಯದಲ್ಲಿ ಕೃತಕ ಹಲ್ಲು ತಯಾರಿಸುವುದು ಅವಳ ಕೆಲಸ. ಹಲ್ಲಿಲ್ಲದವರು ಮತ್ತೆ ನಗಲಿ ಎಂದು ಮೇಣದಲ್ಲಿ ಹಲ್ಲಿನ ಅಚ್ಚು ಕೆತ್ತುವವಳು, ತಾನು ಮಾತ್ರ ನಗು ಮರೆತಿದ್ದಳು. ಪ್ರಾರ್ಥನೆಯೂ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಆಸ್ಪತ್ರೆಯ ಮಂಚ, ಕಳಚಿದ ಕನ್ನಡಕ... ಆದ್ದರಿಂದ ಚರ್ಚ್‌ನಲ್ಲೂ ಕಣ್ಣು ತೆರೆದೇ ಕೂರುತ್ತಿದ್ದಳು.

ಪಾತ್ರೆ ಕಟ್ಟಲು ಬಂದ ಬೀಗದ ದೊಡ್ಡಮ್ಮ ಕಾಗದ ಸುತ್ತುತ್ತಾ ಹೇಳಿದರು: “ಏನೇ ಹೇಳು, ನಿಮ್ಮಮ್ಮ ಆ ಸಿನಿಮಾದಲ್ಲಿ ಎಷ್ಟು ಭಕ್ತಿಯಿಂದ ತಲೆ ಬಗ್ಗಿಸಿ ಕೂತಿದ್ಲು ಕಣೇ! ನೋಡಿ ಕಣ್ತುಂಬಿ ಬಂತು.”

‘ಭಕ್ತಿಯಿಂದಲೇ?’ ಅವಳು ಬೆರಗಾದಳು. ಕೋಳಿ ಕಾಲು ಕದ್ದದ್ದು ಇವರಿಗೆ ಭಕ್ತಿಯಾಗಿ ಕಂಡಿತೇ?

ಭಾನುವಾರ ಉತ್ತರ ಸಿಕ್ಕಿತು.

“ಪ್ರಾರ್ಥಿಸೋಣ,” ಎಂದರು ಪಾಸ್ಟರ್. ಮರುಕ್ಷಣ ಇಡೀ ಸಭೆಯ ತಲೆಗಳು ಬಾಗಿದವು, ರೆಪ್ಪೆಗಳು ಮುಚ್ಚಿದವು. ತೆರೆದಿದ್ದ ಕಣ್ಣು ಅವಳದೊಂದೇ. ಆಚೆ ಸಾಲಿನಲ್ಲಿ ಕತ್ತರಿಯೂ ಕಣ್ಣು ಬಿಗಿದುಕೊಂಡು ಕೂತಿದ್ದ.

ಅಯ್ಯೋ ದೇವರೇ... ಇದಾ ವಿಷಯ!

ಆರಾಧನೆ ಮುಗಿದ ಕೂಡಲೇ ಮೆಟ್ಟಿಲ ಬಳಿ ಅವನನ್ನು ತಡೆದಳು.

“ಅವರು ನಗಲಿಲ್ಲ ಅಂತಲ್ಲ ರೀ. ಅವರು ನೋಡಲೇ ಇಲ್ಲ!”

“ಏನು ನೋಡಲಿಲ್ಲ?”

“ಸಿನಿಮಾದಲ್ಲಿ ಪ್ರಾರ್ಥನೆ ಶುರುವಾಯ್ತಲ್ಲ... ನಿಮ್ಮ ಜನ ಅಲ್ಲೂ ಕಣ್ಣು ಮುಚ್ಚಿದ್ರು! ನೂರಿಪ್ಪತ್ತು ಜನವೂ!”

ಕತ್ತರಿ ಹಣೆ ಚಚ್ಚಿಕೊಂಡ.

“ಕಿವಿ ನಂಬಿ ಕೆಟ್ಟೆ! ಎಂಟು ದಿನದಿಂದ ಆ ಮೌನ ಯಾಕೆ ಅಂತ ತಲೆ ಕೆಡಿಸ್ಕೊಂಡಿದ್ದೀನಿ.”

“ನೀವು? ನೀವಾದ್ರೂ ತಲೆ ಎತ್ತಿ ನೋಡಬಾರದಾ?”

ಅವನು ತಲೆ ತಗ್ಗಿಸಿದ. “ನಾನೂ... ಮುಚ್ಚಿದ್ದೆ ಅನ್ಸುತ್ತೆ. ಅಭ್ಯಾಸ.”

“ನಿಮ್ಮ ಸಿನಿಮಾಕ್ಕೆ ನೀವೇ!”

ಅವಳಿಗೆ ನಗು ಬಂತು. ಅವನಿಗೂ ಬಂತು. ನಗು ನಿಂತ ಮೇಲೆ ಅವನು ಮೆಲ್ಲಗೆ ಕೇಳಿದ: “ಅವತ್ತು ಎಲ್ಲರೆದುರು ಕೇಳಿ ನೋಯಿಸಿದೆ. ಕ್ಷಮಿಸ್ತೀರಾ? ನನ್ನ ಕೋಣೆಯಲ್ಲಿ ಒಂದು ತುಣುಕಿದೆ. ನೀವು ನೋಡಲೇಬೇಕು.”

*

ಫೋಟೊ ಸ್ಟುಡಿಯೊದ ಹಿಂಭಾಗದಲ್ಲಿ ಕಿಟಕಿಯಿಲ್ಲದ ಪುಟ್ಟ ಕೋಣೆ. ಎರಡು ಕಂಪ್ಯೂಟರ್, ಕರಕರ ಎನ್ನುವ ಫ್ಯಾನ್. ಅವನು ಆ ದೃಶ್ಯದ ಕತ್ತರಿಸದ ಚಿತ್ರಣ ಹಾಕಿದ. “ಕಟ್” ಎಂಬ ಅವನದೇ ದನಿ ಕೇಳಿಸಿತು. ಆದರೂ ಕ್ಯಾಮೆರಾ ಓಡುತ್ತಲೇ ಇತ್ತು. ಅಮ್ಮ ಸೆರಗಿಗೆ ಕೈ ಒರೆಸುತ್ತಾ ಅವನತ್ತ ನೋಡಿದಳು.

“ಸರಿ ಬಂತೇನಪ್ಪಾ? ಇದೇನು ನಟನೆ ಅಲ್ಲ ಕಣೋ. ನಮ್ಮನೆಯವರ ಪ್ರಾರ್ಥನೆ ಮುಗಿಯೋಷ್ಟರಲ್ಲಿ ಕೋಳಿ ತಣ್ಣಗಾಗೋದು. ನನ್ನ ಮಗಳಿಗೆ ಹೀಗೇ ತಿನ್ನಿಸಿ ಬೆಳೆಸಿದ್ದು. ದೇವರು ನೋಡ್ತಿದ್ದ ಬಿಡು, ಒಂದು ದಿನವೂ ಬೈಲಿಲ್ಲ!”

ಅವಳು ತಡೆಯಲಾಗದೆ ಅತ್ತಳು. ಕತ್ತರಿ ಫ್ಯಾನನ್ನು ಅವಳ ಕಡೆ ತಿರುಗಿಸಿ, ನೀರಿನ ಬಾಟಲಿ ಮುಂದಿಟ್ಟು, ಬಾಗಿಲಾಚೆ ಹೋಗಿ ನಿಂತ.

ಒಬ್ಬಳೇ ಕೂತು ಅವಳು ಕಣ್ಣು ಮುಚ್ಚಿದಳು. ಮಂಚ ಕಾಣಲಿಲ್ಲ. ಸೆರಗಿಗೆ ಕೈ ಒರೆಸುವ ಅಮ್ಮ ಕಂಡಳು. ಏಳು ತಿಂಗಳಿನಿಂದ ನಿಂತುಹೋಗಿದ್ದ ಪ್ರಾರ್ಥನೆ ತಾನಾಗಿ ಹೊರಬಂತು. “ತಂದೆಯೇ... ಅವಳನ್ನು ನನಗೆ ಕೊಟ್ಟಿದ್ದಕ್ಕೆ ಸ್ತೋತ್ರ.” ಅಷ್ಟೇ. ಅಷ್ಟು ಸಾಕಾಯಿತು.

ಅವನು ಒಳಗೆ ಬಂದಾಗ ಅವಳು ಮುಖ ಒರೆಸಿಕೊಂಡು ಕೂತಿದ್ದಳು.

“ದೃಶ್ಯ ಉಳಿಸ್ತೀನಿ,” ಎಂದ. “ಬೆಟ್ಟ ಹತ್ತಿ ಮೂರು ದಿನ ಕಾದು ತೆಗೆದ ನನ್ನ ಸೂರ್ಯೋದಯ ತೆಗೆದುಹಾಕ್ತೀನಿ. ಅದಕ್ಕೂ ಯಾರೂ ನಗಲಿಲ್ಲ.”

“ಉಳಿಸಿದ್ರೂ ಮತ್ತೆ ಕಣ್ಣು ಮುಚ್ತಾರಲ್ಲ!”

ಇಬ್ಬರೂ ಯೋಚಿಸಿದರು. ಅಮ್ಮನಿಲ್ಲದೆ ಮತ್ತೆ ಚಿತ್ರೀಕರಣ ಸಾಧ್ಯವಿಲ್ಲ. ಜನರಿಗೆ ಕಣ್ಣು ತೆರೆಯಿರಿ ಎಂದು ಹೇಳಲೂ ಆಗದು. ಕಣ್ಣು ತಾನಾಗಿ ತೆರೆಯುವುದು ಯಾವಾಗ?

“ಆಮೆನ್!” ಎಂದಳು ಅವಳು ಥಟ್ಟನೆ. “ಆಮೆನ್ ಅಂದ್ರೆ ಎಲ್ಲರೂ ಕಣ್ಣು ಬಿಡ್ತಾರೆ. ಅಮ್ಮ ಕೈ ಹಾಕೋ ಮುಂಚೆ ಅಳಿಯ ಆಮೆನ್ ಅನ್ನಲಿ... ಆದ್ರೆ ಪ್ರಾರ್ಥನೆ ಮುಗೀಬಾರ್ದು!”

ಕತ್ತರಿ ಕುರ್ಚಿಯಿಂದ ಎದ್ದೇಬಿಟ್ಟ. “ಮುಖ ಬೇಡ, ಬರೀ ಧ್ವನಿ ಸಾಕು! ನೀವು ಹಲ್ಲು ಮಾಡೋದು ಬಿಟ್ಟು ಸಿನಿಮಾ ಮಾಡಿ!”

ಅಳಿಯನ ಪಾತ್ರ ಮಾಡಿದ್ದ ಬಡಗಿಯಣ್ಣ ಮರದ ಹೊಟ್ಟು ಮೆತ್ತಿದ ಕೈಯಲ್ಲೇ ಓಡಿಬಂದರು. ಫ್ಯಾನ್ ನಿಲ್ಲಿಸಿ, ಹೊರಗಿನ ಸದ್ದು ಬೀಳದಂತೆ ಅವರಿಗೆ ಕಂಬಳಿ ಹೊದಿಸಲಾಯಿತು.

“ಲೋ ಕತ್ತರಿ, ಉಸಿರುಗಟ್ಟಿ ಸತ್ತರೆ ನೀನೇ ಹೊಣೆ!”

“ಸಾಯೋಕೆ ಮುಂಚೆ ಆಮೆನ್ ಅನ್ನಣ್ಣ!”

*

ಮುಂದಿನ ದಿನಗಳಲ್ಲಿ ಅವಳು ಬೆಳಿಗ್ಗೆ ಪೆಟ್ಟಿಗೆ ಕಟ್ಟಿ, ಮಧ್ಯಾಹ್ನ ಆ ಕೋಣೆಗೆ ಬರುತ್ತಿದ್ದಳು. ಅವನು ದೃಶ್ಯಗಳನ್ನು ಜೋಡಿಸುತ್ತಿದ್ದ. ನಗು ಬಂದರೆ ನಗುತ್ತಿದ್ದಳು, ಬಾರದಿದ್ದರೆ “ಊಹೂಂ” ಎನ್ನುತ್ತಿದ್ದಳು. ಅವಳ “ಊಹೂಂ” ಕೇಳಿದರೆ ಅವನು ವಾದಿಸದೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ‘ಇಷ್ಟು ತಾಳ್ಮೆಯವನನ್ನು ಅಂದು ಹಾಗೆ ಬೈದೆನಲ್ಲ...’ ಎಂದು ಅವಳ ಮನಸ್ಸು ಚುಚ್ಚುತ್ತಿತ್ತು.

ಶನಿವಾರ ಮಧ್ಯಾಹ್ನ ಎರಡನೇ ಪ್ರದರ್ಶನ.

“ನನ್ನ ಕಿವಿ ಮೇಲೆ ನಂಬಿಕೆ ಹೋಯ್ತು,” ಎಂದು ಕತ್ತರಿ ಅವಳಿಗೆ ತೆರೆಯ ಪಕ್ಕದಲ್ಲಿ ಜನರಿಗೆ ಎದುರಾಗಿ ಕುರ್ಚಿ ಹಾಕಿಕೊಟ್ಟ. “ನೀವು ಮುಖ ನೋಡಿ.”

ಊಟದ ದೃಶ್ಯ ಬಂತು. ತಲೆಗಳು ಒಟ್ಟಿಗೆ ಬಾಗಿದವು. ಅವಳು ಕುರ್ಚಿಯ ತುದಿಗೆ ಸರಿದಳು.

“ಆಮೆನ್...” ಎಂದಿತು ಬಡಗಿಯಣ್ಣನ ದನಿ.

ನೂರಾರು ಕಣ್ಣುಗಳು ತೆರೆದವು!

“...ಅನ್ನೋಕೆ ಮುಂಚೆ, ಕರ್ತನೇ, ಇನ್ನೂ ಒಂದೆರಡು ವಿಷಯ!”

ಮೊದಲು ಒಂದು ಮೂಲೆಯಲ್ಲಿ ಕಿಸಕ್ಕೆಂದಿತು. ಆಮೇಲೆ ಅಮ್ಮನ ಕೈ ಕೋಳಿ ಕಾಲಿನತ್ತ ಸರಿದಿರಬೇಕು... ಹಾಲ್ ಹಾಲೇ ಹೊಟ್ಟೆ ಹಿಡಿದುಕೊಂಡಿತು! ಪಾಸ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೀಗದ ದೊಡ್ಡಮ್ಮ ಮುಂದಿನ ಕುರ್ಚಿಗೆ ಗುದ್ದುತ್ತಾ ಕೂಗಿದರು:

“ಕಳ್ಳಿ! ಭಕ್ತಿಯಿಂದ ಕೂತಿದ್ದಾಳೆ ಅಂದ್ಕೊಂಡಿದ್ನಲ್ಲೇ!”

ಅವಳಿಗೆ ತೆರೆ ಕಾಣಿಸುತ್ತಿರಲಿಲ್ಲ. ನಗುವ ಮುಖಗಳಷ್ಟೇ ಕಾಣುತ್ತಿದ್ದವು. ಅಷ್ಟೂ ಮುಖಗಳಲ್ಲಿ ಅಮ್ಮ ಇದ್ದಳು. ಇನ್ನು ಎಷ್ಟೋ ಊರುಗಳಲ್ಲಿ ಇರುತ್ತಾಳೆ.

ಜನ ಚದುರಿದರು. ಇಬ್ಬರೂ ಕುರ್ಚಿ ಮಡಚಿ ಗೋಡೆಗೆ ಒರಗಿಸತೊಡಗಿದರು.

“ಸೋಮವಾರ ಹೋಗಲೇಬೇಕಾ?” ಎಂದು ಕೇಳಿದ ಅವನು, ಕುರ್ಚಿಯನ್ನೇ ನೋಡುತ್ತಾ.

“ಹನ್ನೊಂದು ಜನ ಬಾಯಿ ಮುಚ್ಕೊಂಡು ಹಲ್ಲಿಗೆ ಕಾಯ್ತಿದ್ದಾರೆ.”

“ಈ ಊರಲ್ಲೂ ಹಲ್ಲಿಲ್ಲದೋರು ಬೇಕಾದಷ್ಟಿದ್ದಾರೆ...”

“ಇದು ಕೆಲಸದ ಮಾತಾ?”

“ಅಲ್ಲ.” ಅವನು ಕುರ್ಚಿ ಕೆಳಗಿಟ್ಟ. “ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಸುತ್ತಿ ಬಳಸಿ ಹೇಳಕ್ಕೆ ಬರಲ್ಲ ನಂಗೆ.”

ಅವಳ ಕೈಯಲ್ಲಿದ್ದ ಕುರ್ಚಿ ಅರ್ಧ ಮಡಚಿ ನಿಂತಿತು. ಅದನ್ನು ಹಾಗೇ ಹಿಡಿದುಕೊಂಡು ಹೇಳಿದಳು: “ನಾನು ಯಾವಾಗ್ಲೂ ನಗ್ತಿರೋಳಲ್ಲ. ಇದ್ದಕ್ಕಿದ್ದ ಹಾಗೆ ಅಳು ಬರುತ್ತೆ. ಪಾತ್ರೆ ತೊಳೀತಾ ತೊಳೀತಾ ಅತ್ತುಬಿಡ್ತೀನಿ. ಇನ್ನೂ ಎಷ್ಟು ದಿನವೋ ಗೊತ್ತಿಲ್ಲ.”

“ಅಳಿ. ಪಾತ್ರೆ ನಾನು ತೊಳೀತೀನಿ.”

ಅವಳು ಅವನ ಮುಖವನ್ನೇ ನೋಡಿದಳು. ತಮಾಷೆಯಿರಲಿಲ್ಲ ಅಲ್ಲಿ.

“ತಳ ಹಿಡಿದ ಪಾತ್ರೆನೂ?”

“ಅದನ್ನ ರಾತ್ರಿಯೇ ನೆನೆಹಾಕ್ತೀನಿ.”

“ಹಾಗಾದ್ರೆ... ಪಾಸ್ಟರ್ ಇನ್ನೂ ಗೇಟ್ ಹತ್ರಾನೇ ಇದ್ದಾರೆ. ಹೋಗಿ ಮಾತಾಡಿ. ನಾನು ಬರ್ತೀನಿ, ನಡೀರಿ.”